ಮಧುಮೇಹವಿರುವವರು ಪ್ರಕೃತಿ ಚಿಕಿತ್ಸೆಗೆ ಸೇರುವ ಮುನ್ನ

ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನೂ ರಾತ್ರಿ ಇನ್ಸುಲಿನ್ನನ್ನೂ ತೆಗೆದುಕೊಳ್ಳುವ ನಿಮ್ಮ ತಾಯಿಯವರನ್ನು ಹತ್ತು ದಿನಗಳ ಪ್ರಕೃತಿ ಚಿಕಿತ್ಸೆಗೆ ಸೇರಿಸುವ ಮೊದಲು ಏನೇನು ವಿಚಾರಿಸಬೇಕೆಂದು ಕೇಳಿದ್ದೀರಿ. ಅಲ್ಲಿನ ವೈದ್ಯರು ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನಗಳ ಪದವಿ) ಪದವೀಧರರೇ ಎಂದು ಮೊದಲು ತಿಳಿದುಕೊಳ್ಳಿ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಅದು ಐದೂವರೆ ವರ್ಷಗಳ ವ್ಯಾಸಂಗ. ಉಜಿರೆಯಂತಹ ಊರಿನಲ್ಲೂ ಅದಕ್ಕೆಂದೇ ಕಾಲೇಜಿದೆ. ಅಲ್ಪಾವಧಿಯ ತರಬೇತಿ ಪಡೆದವರೂ ತಮ್ಮನ್ನು ಪ್ರಕೃತಿ ಚಿಕಿತ್ಸಕರೆಂದು ಕರೆದುಕೊಳ್ಳುವುದುಂಟಾದ್ದರಿಂದ, ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚಪಡಬೇಡಿ.

ನನಗೆ ನಿಜವಾದ ಆತಂಕವಿರುವುದು ಇಂತಹ ಚಿಕಿತ್ಸೆಯಲ್ಲಿ ಮಾಡಿಸುವ ಉಪವಾಸದ ಬಗ್ಗೆ. ಆಹಾರವನ್ನು ಇಳಿಸಿ, ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ನನ್ನು ಹಿಂದಿನ ಪ್ರಮಾಣದಲ್ಲೇ ಮುಂದುವರಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು, ಅದರಲ್ಲೂ ನಿದ್ದೆಯಲ್ಲಿ ಕುಸಿದರೆ ಯಾರಿಗೂ ತಿಳಿಯುವುದಿಲ್ಲ. ಔಷಧಗಳನ್ನು ಒಮ್ಮೆಲೇ ನಿಲ್ಲಿಸಿದರೆ ಸಕ್ಕರೆ ವಿಪರೀತ ಏರಬಹುದು. ಆದ್ದರಿಂದ ಅಲ್ಲಿನ ಆಹಾರಕ್ರಮವನ್ನು ಮುಂಚಿತವಾಗಿ ಬರೆಸಿಕೊಂಡು, ಈಗ ನೋಡುತ್ತಿರುವ ವೈದ್ಯರಿಗೆ ತೋರಿಸಿ, ಯಾವ ದಿನ ಯಾವ ಪ್ರಮಾಣವೆಂಬುದನ್ನು ಅವರಿಂದಲೇ ನಿರ್ಧರಿಸಿಕೊಳ್ಳಿ. ಗ್ಲುಕೋಮೀಟರನ್ನು ಮನೆಯಿಂದಲೇ ಕಳುಹಿಸಿ. ರಾತ್ರಿ ಪಾಳಿಯಲ್ಲಿ ವೈದ್ಯರು ಇರುತ್ತಾರೆಯೇ ಎಂಬುದನ್ನೂ ವಿಚಾರಿಸಿ.

ನಿಮ್ಮ ತಾಯಿಯವರ ಪಾದಗಳು ಮರಗಟ್ಟಿದಂತಿದ್ದರೆ ಬಿಸಿನೀರಿನ ಪಾದಸ್ನಾನದಲ್ಲಿ ಸುಟ್ಟರೂ ಅರಿವಿಗೆ ಬಾರದು. ಇದನ್ನು ಸೇರುವ ದಿನವೇ ಚಿಕಿತ್ಸೆ ಕೊಡುವ ಸಿಬ್ಬಂದಿಗೆ ತಿಳಿಸಿ.