ಇಪ್ಪತ್ತೆರಡು ಮಕ್ಕಳ ಕಥೆ

ಪ್ರಿಯರೇ,

ಕೆನಡಾದ ಐಸ್ ಹಾಕಿ ಗೋಲ್‌ಕೀಪರ್ ಜಾರ್ಜ್ ವೆಜಿನಾ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ವಸ್ತು ಹೊಸದು, ಓಟ ಚೆನ್ನಾಗಿದೆ. ಆದರೆ ಮೂರನೆಯ ಪುಟದಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು.

‘ಇಪ್ಪತ್ತೆರಡು ಮಕ್ಕಳ ತಂದೆಯಾಗಿದ್ದನೆಂದು ಹೇಳಲಾಗುತ್ತದೆ.’ ಹೇಳಿದವರು ಯಾರು? ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ವ್ಯವಸ್ಥಾಪಕ ಲಿಯೋ ಡಾಂಡುರಾಂಡ್ ಪತ್ರಕರ್ತರ ಕಿವಿಗೆ ಹಾಕಿದ ಕಥೆ ಅದು. ವೆಜಿನಾಗೆ ಇದ್ದದ್ದು ಇಬ್ಬರು ಗಂಡುಮಕ್ಕಳು. ‘ಹೇಳಲಾಗುತ್ತದೆ’ ಎಂದು ಸೇರಿಸಿದ ಮಾತ್ರಕ್ಕೆ ಸುಳ್ಳಿನ ಹೊಣೆ ನಿಮ್ಮ ಹೆಗಲಿನಿಂದ ಇಳಿಯುವುದಿಲ್ಲ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ, ತೀರಿಕೊಂಡ ಪೈಲ್ವಾನರೊಬ್ಬರ ಬಗ್ಗೆ ‘ದಿನಕ್ಕೆ ನೂರು ಮೊಟ್ಟೆ ತಿನ್ನುತ್ತಿದ್ದರಂತೆ’ ಎಂದು ಬರೆದಿದ್ದೆ. ಸಂಪಾದಕರು ‘ಅಂತೆ’ಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬಸ್ಸಿನ ಖರ್ಚು ಕೊಟ್ಟು ಅವರ ಊರಿಗೆ ಕಳುಹಿಸಿದರು. ಪೈಲ್ವಾನರ ಹೆಂಡತಿ, ‘ಈ ಮನೆಯಲ್ಲಿ ಮೊಟ್ಟೆ ಒಡೆದದ್ದೇ ಇಲ್ಲಪ್ಪ’ ಎಂದರು. ಆಮೇಲೆ ಅವರು ಗಂಡನ ಬಗ್ಗೆ ಒಂದು ಗಂಟೆ ಮಾತನಾಡಿದರು. ಲೇಖನ ಸಿಕ್ಕಿದ್ದು ಅಲ್ಲಿ.

ಇನ್ನು ಕೊನೆಯ ಪಂದ್ಯ. ‘ವಿಧಿಯ ಕ್ರೂರ ಹಸ್ತ ಆತನ ಕೊರಳನ್ನು ಬಿಗಿಯಿತು.’ ಈ ಸಾಲನ್ನು ಹೊಡೆದು ಹಾಕಿದ್ದೇನೆ. 1910ರ ಡಿಸೆಂಬರ್ 31ರಂದು ಕೆನೇಡಿಯನ್ಸ್ ಪರ ಮೊದಲು ಆಡಿದವನು ಆಮೇಲೆ ಲೀಗಿನ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. 1925ರ ನವೆಂಬರ್ 28ರಂದು ಪಿಟ್ಸ್‌ಬರ್ಗ್ ವಿರುದ್ಧ ಜ್ವರದಲ್ಲೇ ಇಳಿದು, ಪಂದ್ಯ ಮುಗಿಯುವ ಮೊದಲೇ ಹೊರನಡೆದ. ಕ್ಷಯ. ಮರುವರ್ಷ ಮಾರ್ಚ್ 27ರಂದು ಹುಟ್ಟೂರು ಶಿಕೂಟಿಮಿಯಲ್ಲಿ ತೀರಿಕೊಂಡ, ವಯಸ್ಸು 39. ಹದಿನೈದು ವರ್ಷ ಒಬ್ಬನೇ ಕಾಯ್ದ ಗೋಲಿನ ಮುಂದೆ ನವೆಂಬರಿನ ಆ ರಾತ್ರಿ ಬೇರೊಬ್ಬ ಬಂದು ನಿಂತ. ಇಷ್ಟನ್ನು ಬರೆದರೆ ಓದುಗರ ಎದೆ ತಾನಾಗಿಯೇ ಭಾರವಾಗುತ್ತದೆ. ವಿಧಿಯನ್ನು ಏಕೆ ಕರೆತಂದಿರಿ?

ನಿಮ್ಮ ಅತ್ಯುತ್ತಮ ಸಂಗತಿ ಐದನೆಯ ಪುಟದ ಮೂಲೆಯಲ್ಲಿದೆ: 1918ರ ಜನವರಿಯವರೆಗೆ ಗೋಲ್‌ಕೀಪರ್ ಮಂಜಿನ ಮೇಲೆ ಬಿದ್ದು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಡೆಯುವಂತಿರಲಿಲ್ಲ, ಬಿದ್ದರೆ ದಂಡ. ಅಂದರೆ ವೆಜಿನಾ ತನ್ನ ಆಟದ ಅರ್ಧ ಆಯುಷ್ಯವನ್ನು ನಿಂತೇ ಆಡಿದ. ಲೇಖನ ಅಲ್ಲಿಂದ ಶುರುವಾಗಲಿ.

ತಿದ್ದಿ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಕಾದಿರಿಸಿದ್ದೇನೆ.

ಸಂಪಾದಕ