ಬಸುರಿಯರು ಕಬ್ಬಿಣದ ಮಾತ್ರೆಯನ್ನು ಅರ್ಧಕ್ಕೇ ಯಾಕೆ ಬಿಟ್ಟುಬಿಡುತ್ತಾರೆ?

ಮುಖ್ಯ ಕಾರಣ ಹೊಟ್ಟೆ. ಮಾತ್ರೆಯಲ್ಲಿರುವ ಕಬ್ಬಿಣದಲ್ಲಿ ಸ್ವಲ್ಪವೇ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಕರುಳಲ್ಲೇ ಉಳಿಯುತ್ತದೆ. ಮಲಬದ್ಧತೆ, ಹೊಟ್ಟೆ ತೊಳಸುವುದು ಇದರಿಂದಲೇ. ಮಲ ಕಪ್ಪಾಗುವುದೂ ಅದಕ್ಕೇ, ಹೆದರಬೇಡಿ. ‘ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತೆ’ ಅಂತ ಬಿಡುವವರೂ ಇದ್ದಾರೆ, ಅದು ಸುಮ್ನೆ ಭಯ.

ನಮ್ಮ ಕೊಡಗಿನಲ್ಲಿ ಇನ್ನೊಂದಿದೆ: ಕಾಫಿ. ತೋಟದ ಕೆಲಸಕ್ಕೆ ಹೊರಡುವ ಅವಸರದಲ್ಲಿ ಮಾತ್ರೆ ಬಾಯಿಗೆ ಹಾಕಿಕೊಂಡು, ಮೇಲೆ ಒಂದು ಲೋಟ ಕಾಫಿ ಕುಡಿದರೆ ಅದರ ಒಗರಿನ ಅಂಶ ಕಬ್ಬಿಣವನ್ನು ಹಿಡಿದುಕೊಂಡು, ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಸುಸ್ತು ಹೋಗುವುದಿಲ್ಲ. ಮಾತ್ರೆಯಿಂದ ಪ್ರಯೋಜನವಿಲ್ಲ ಅನ್ನಿಸುವುದು ಸಹಜ ಅಲ್ವಾ?

ಕಾಫಿ, ಟೀಗೂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ. ವಾಕರಿಕೆ ಜಾಸ್ತಿಯಾದರೆ ರಾತ್ರಿ ಊಟದ ನಂತರ ನುಂಗಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಬೇಕು. ಆಗುತ್ತಲೇ ಇಲ್ಲವೆಂದರೆ ನೀವೇ ನಿಲ್ಲಿಸದೆ ಆಶಾ ಕಾರ್ಯಕರ್ತೆಗೆ ಹೇಳಿ. ಡಾಕ್ಟರು ಮಾತ್ರೆ ಬದಲಿಸಿ ಕೊಡಬಹುದು.