ಹೊಟ್ಟೆಯಲ್ಲಿ ಅವಳಿ, ಇಬ್ಬರು ಡಾಕ್ಟರು ಎರಡು ಮಾತು ಹೇಳ್ತಾರೆ: ಯಾರನ್ನು ನಂಬಬೇಕು?

ನೀವು ಕೇಳಿರುವುದು ಇಷ್ಟು. ಚೊಚ್ಚಲ ಬಸುರಿ, ಈಗ 31 ವಾರ, ಹೊಟ್ಟೆಯಲ್ಲಿ ಅವಳಿ. ನಿಮ್ಮೂರಿನ ನರ್ಸಿಂಗ್ ಹೋಮ್ ಡಾಕ್ಟರು "36 ವಾರಕ್ಕೆ ಸಿಸೇರಿಯನ್ ಮಾಡಿಬಿಡೋಣ, ಅವಳಿಗೆ ನಾರ್ಮಲ್ ಸರಿಹೋಗಲ್ಲ" ಎಂದಿದ್ದಾರೆ. ದಾವಣಗೆರೆಯಲ್ಲಿ ತೋರಿಸಿದ ಡಾಕ್ಟರು "38ರ ತನಕ ಕಾಯಬಹುದು, ನಾರ್ಮಲ್‌ಗೆ ನೋಡೋಣ" ಎಂದಿದ್ದಾರೆ. ಅತ್ತೆ ಒಬ್ಬರ ಕಡೆ, ಅಮ್ಮ ಇನ್ನೊಬ್ಬರ ಕಡೆ. ನಿಮಗೆ ನಿದ್ದೆ ಇಲ್ಲ.

ನಾನು ಡಾಕ್ಟರಲ್ಲ. ಅವಳಿ ಹೆತ್ತವಳು ಅಷ್ಟೇ. ನನ್ನ ಮಕ್ಕಳು ಈಗ ಶಾಲೆಗೆ ಹೋಗುತ್ತಾರೆ. ನನಗೂ ಹೆಚ್ಚುಕಡಿಮೆ ಇದೇ ಎರಡು ಮಾತು ಸಿಕ್ಕಿದ್ದವು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಹೇಳಬೇಕಾದ್ದು: ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮವರು ತಕ್ಷಣ "ದುಡ್ಡಿಗೋಸ್ಕರ ಸಿಸೇರಿಯನ್ ಅಂತಾರೆ" ಎಂದುಬಿಡುತ್ತಾರೆ. ಅಂಥವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅವಳಿ ವಿಷಯದಲ್ಲಿ ದುಡ್ಡಿನ ಮಾತೇ ಇಲ್ಲದೆಯೂ ಇಬ್ಬರು ಒಳ್ಳೆಯ ಡಾಕ್ಟರು ಬೇರೆ ಬೇರೆ ಹೇಳಬಹುದು. ಡಾಕ್ಟರು ಕೊಡುವ ಸಲಹೆಯಲ್ಲಿ ನಿಮ್ಮ ಹೊಟ್ಟೆಯ ವಿಷಯ ಅರ್ಧ, ಅವರ ಆಸ್ಪತ್ರೆಯ ವಿಷಯ ಇನ್ನರ್ಧ. ಎರಡನೆಯದನ್ನು ಅವರು ಬಾಯಿಬಿಟ್ಟು ಹೇಳುವುದು ಕಡಿಮೆ. ನಾವು ಕೇಳುವುದೂ ಇಲ್ಲ.

ಹೊಟ್ಟೆಯ ವಿಷಯ ಮೊದಲು. ನಿಮ್ಮ ಫೈಲಿನಲ್ಲಿ ಮೂರು ತಿಂಗಳಿನ ಸ್ಕ್ಯಾನಿಂಗ್ ರಿಪೋರ್ಟ್ ಹುಡುಕಿ. 11ರಿಂದ 14 ವಾರದೊಳಗೆ ಮಾಡಿದ್ದು. ಅದರಲ್ಲಿ ಡಿಸಿಡಿಎ, ಎಂಸಿಡಿಎ, ಎಂಸಿಎಂಎ, ಈ ಮೂರರಲ್ಲಿ ಒಂದು ಬರೆದಿರುತ್ತದೆ. ಮಕ್ಕಳಿಗೆ ಮಾಸು ಒಂದೇನಾ ಎರಡಾ, ನೀರಿನ ಚೀಲ ಒಂದೇನಾ ಎರಡಾ ಅನ್ನುವುದರ ಲೆಕ್ಕ ಅದು. ಡಿಸಿಡಿಎ ಅಂದರೆ ಮಾಸೂ ಎರಡು, ಚೀಲವೂ ಎರಡು. ಎಂಸಿಡಿಎ ಅಂದರೆ ಮಾಸು ಒಂದು, ಚೀಲ ಎರಡು. ಎಂಸಿಎಂಎ ಅಂದರೆ ಎರಡೂ ಒಂದೊಂದೇ.

ನಾರ್ಮಲ್ಲಾ ಸಿಸೇರಿಯನ್ನಾ ಅನ್ನುವುದಕ್ಕಿಂತ ಮೊದಲು ತಿಳಿಯಬೇಕಾದ್ದು ಇದು. ಮಾಸು ಒಂದೇ ಆಗಿದ್ದರೆ ಅದರೊಳಗೆ ಇಬ್ಬರ ರಕ್ತನಾಳಗಳೂ ಕೂಡಿಕೊಂಡಿರುತ್ತವೆ. ಒಂದು ಮಗುವಿಗೆ ರಕ್ತ ಜಾಸ್ತಿ ಹರಿದು ಇನ್ನೊಂದಕ್ಕೆ ಕಡಿಮೆಯಾಗುವ ತೊಂದರೆ ಇಂಥ ಬಸುರಿನಲ್ಲಿ 100ಕ್ಕೆ 10ರಿಂದ 15ರಲ್ಲಿ ಕಾಣಿಸುತ್ತದೆ. ಅದಕ್ಕೇ ಅವರಿಗೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು, ಹೆರಿಗೆಯೂ ಬೇಗ. ಚೀಲವೂ ಒಂದೇ ಆಗಿದ್ದರೆ ಹೊಕ್ಕುಳಬಳ್ಳಿಗಳು ಒಂದಕ್ಕೊಂದು ಸುತ್ತಿಕೊಳ್ಳುವ ಭಯ. ಅವರಿಗೆ ಸಾಮಾನ್ಯವಾಗಿ 32-34 ವಾರಕ್ಕೇ ಸಿಸೇರಿಯನ್. ನಿಮ್ಮದು ಅದಾಗಿದ್ದರೆ, ರಿಪೋರ್ಟ್ ನೋಡಿದ ಡಾಕ್ಟರು 38 ಎನ್ನುವುದಿಲ್ಲ. ಆದರೂ ರಿಪೋರ್ಟಿನಲ್ಲಿ ಒಮ್ಮೆ ನೋಡಿಬಿಡಿ.

ಈ ಮಾಹಿತಿ ಮೊದಲ ಸ್ಕ್ಯಾನಿಂಗಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಆಮೇಲೆ ಕಾಣುವುದಿಲ್ಲ. ಹೊರದೇಶದಲ್ಲಾದರೆ ಒಂದು ಗಂಡು, ಒಂದು ಹೆಣ್ಣು ಎಂದು ಸ್ಕ್ಯಾನಿಂಗಿನಲ್ಲಿ ಕಂಡರೆ ಮಾಸು ಎರಡು ಎಂದು ತೀರ್ಮಾನಿಸುತ್ತಾರೆ. ನಮ್ಮಲ್ಲಿ 1994ರ ಕಾಯ್ದೆ ಪ್ರಕಾರ ಗಂಡೋ ಹೆಣ್ಣೋ ನೋಡಿ ಹೇಳುವಂತಿಲ್ಲ, ಆ ದಾರಿ ಇಲ್ಲ. ಹಾಗಾಗಿ ಆ ಹಳೆಯ ರಿಪೋರ್ಟು ಮುಖ್ಯ. ದಾವಣಗೆರೆಗೆ ಹೋದಾಗ ಅದನ್ನು ತೋರಿಸಿದ್ದಿರಾ? ಅಥವಾ ನಿಮ್ಮೂರಿನವರ ಹತ್ತಿರವೇ ಅದು ಉಳಿದಿದೆಯಾ? ಒಬ್ಬರು ಅದನ್ನು ನೋಡಿ ಹೇಳಿ, ಇನ್ನೊಬ್ಬರು ನೋಡದೆ ಹೇಳಿದ್ದರೆ ನಿಮ್ಮ ಗೊಂದಲಕ್ಕೆ ಅದೇ ಕಾರಣ ಇರಬಹುದು.

ಇನ್ನು 36, 37, 38ರ ಗಲಾಟೆ. ಇದರಲ್ಲಿ ದೊಡ್ಡ ದೊಡ್ಡವರಿಗೇ ಒಮ್ಮತ ಇಲ್ಲ. ತೊಂದರೆ ಏನೂ ಇಲ್ಲದ, ಮಾಸು ಎರಡಿರುವ ಅವಳಿಗೆ ಇಂಗ್ಲೆಂಡಿನ ನೈಸ್ ಸಂಸ್ಥೆಯ ಮಾರ್ಗಸೂಚಿ 37 ವಾರ ತುಂಬಿದಾಗ ಹೆರಿಗೆ ಮಾಡಿಸಿ ಅನ್ನುತ್ತದೆ. ಅಮೆರಿಕದ ಪ್ರಸೂತಿ ತಜ್ಞರ ಸಂಘ 38ನೇ ವಾರ ಅನ್ನುತ್ತದೆ. ಮಾಸು ಒಂದೇ ಇದ್ದರೆ ನೈಸ್ ಹೇಳುವುದು 36. ಅಮೆರಿಕದವರು 34ರಿಂದ 37 ವಾರ 6 ದಿನದವರೆಗೆ ಎಂದು ದೊಡ್ಡ ಜಾಗವನ್ನೇ ಬಿಟ್ಟಿದ್ದಾರೆ. ಅಂದಮೇಲೆ ನಿಮ್ಮದು ಎಂಸಿಡಿಎ ಆದರೆ ನಿಮ್ಮೂರಿನ ಡಾಕ್ಟರು ಹೇಳಿದ 36 ಸರಿಯಾದ ಲೆಕ್ಕವೇ. ಡಿಸಿಡಿಎ ಆಗಿದ್ದು, ಬಿಪಿ, ಶುಗರ್, ಮಕ್ಕಳ ಬೆಳವಣಿಗೆ ಎಲ್ಲ ಚೆನ್ನಾಗಿದ್ದರೆ 36ಕ್ಕೇ ಯಾಕೆ ಎಂದು ಕಾರಣ ಕೇಳಲೇಬೇಕು. ಕೇಳುವುದರಲ್ಲಿ ತಪ್ಪೇನಿದೆ?

ನಾರ್ಮಲ್ ಆಗುತ್ತಾ ಅನ್ನುವುದಕ್ಕೆ ಮೊದಲನೇ ಮಗುವಿನ ತಲೆ ಎಲ್ಲಿದೆ ಅನ್ನುವುದು ಮುಖ್ಯ. ಮೊದಲನೆಯದು ಅಂದರೆ ಕೆಳಗೆ ಗರ್ಭಕೋಶದ ಬಾಯಿಯ ಹತ್ತಿರ ಇರುವುದು. ಅದು ಉಲ್ಟಾ ಇದ್ದರೆ, ಇಲ್ಲ ಅಡ್ಡ ಇದ್ದರೆ ಹೆಚ್ಚಿನ ಡಾಕ್ಟರು ಸಿಸೇರಿಯನ್ನೇ ಅನ್ನುತ್ತಾರೆ. ಅದರ ತಲೆ ಕೆಳಗಿದ್ದರೆ ಎರಡನೆಯದು ಹೇಗಿದ್ದರೂ ಪ್ರಯತ್ನಿಸುವವರಿದ್ದಾರೆ. ಇದರ ಬಗ್ಗೆ 2013ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 25 ದೇಶಗಳ ಸುಮಾರು 2,800 ಹೆಂಗಸರು, ಎಲ್ಲರಿಗೂ ಮೊದಲ ಮಗುವಿನ ತಲೆ ಕೆಳಗೆ. ಅರ್ಧ ಜನಕ್ಕೆ ಸಿಸೇರಿಯನ್ ಎಂದು ಮೊದಲೇ ನಿಗದಿ, ಉಳಿದರ್ಧಕ್ಕೆ ನಾರ್ಮಲ್ ಪ್ರಯತ್ನ. ಮಕ್ಕಳಿಗೆ ಗಂಭೀರ ತೊಂದರೆ ಆದದ್ದು ಎರಡೂ ಕಡೆ 100ಕ್ಕೆ ಸುಮಾರು 2. ಸಿಸೇರಿಯನ್ನಿನಿಂದ ಮಕ್ಕಳಿಗೆ ಹೆಚ್ಚಿನ ರಕ್ಷಣೆ ಏನೂ ಸಿಗಲಿಲ್ಲ.

ಆದರೆ ಇದನ್ನು ಪ್ರಿಂಟ್ ಹಾಕಿಸಿಕೊಂಡು ನಿಮ್ಮೂರಿನ ಡಾಕ್ಟರ ಮುಂದೆ ಇಡಬೇಡಿ. ಅದೇ ಅಧ್ಯಯನದಲ್ಲಿ ನಾರ್ಮಲ್ ಗುಂಪಿನವರಲ್ಲೂ 100ಕ್ಕೆ ಸುಮಾರು 44 ಜನಕ್ಕೆ ಕೊನೆಗೆ ಸಿಸೇರಿಯನ್ ಆಯಿತು. ಅದರಲ್ಲಿ ನಾಲ್ಕು ಜನಕ್ಕೆ ಮೊದಲ ಮಗು ನಾರ್ಮಲ್ ಆಗಿ, ಎರಡನೆಯದಕ್ಕೆ ಹೊಟ್ಟೆ ಕುಯ್ಯಬೇಕಾಯಿತು. ಮತ್ತೆ ಆ ಹೆರಿಗೆಗಳೆಲ್ಲ ಅವಳಿ ಹೆರಿಗೆ ಮಾಡಿಸಿ ಕೈ ಪಳಗಿದವರ ಹತ್ತಿರ, ಬೇಕೆಂದಾಗ ಆಪರೇಷನ್ ಮಾಡುವ ಸೌಕರ್ಯ ಇರುವ ಕಡೆ ನಡೆದದ್ದು. ಇಲ್ಲಿಗೆ ಆಸ್ಪತ್ರೆಯ ಮಾತು ಬಂತು.

ನನಗೆ ಇದು ತಿಳಿದದ್ದು ನಮ್ಮ ತಾಲೂಕಿನ ಡಾಕ್ಟರಮ್ಮನಿಂದಲೇ. ಬೆಂಗಳೂರಿನಲ್ಲಿ ತೋರಿಸಿದ್ದೇನೆ, ಅಲ್ಲಿ ನಾರ್ಮಲ್ ಆಗಬಹುದು ಅಂದರು ಎಂದು ಅವರಿಗೆ ಹೇಳಿಬಿಟ್ಟೆ. ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಚೀಟಿಯ ಹಿಂದೆ ಪೆನ್ನಿನಲ್ಲಿ ಒಂದು ಚೀಲ ಬರೆದು, ಒಳಗೆ ಎರಡು ತಲೆ ಬರೆದರು. ಒಂದು ಕೆಳಗೆ, ಒಂದು ಮೇಲೆ. "ಇವನು ಹೊರಗೆ ಬಂದ ಅಂತಿಟ್ಕೊಳ್ಳಿ. ಇವನಿಗೆ ಈಗ ಜಾಗ ಸಿಕ್ತು, ಅಡ್ಡ ತಿರುಗಬಹುದು. ನಾನು ಕೈ ಹಾಕಿ ಕಾಲು ಹಿಡಿದು ತೆಗೀಬೇಕು, ಆಗ್ಲಿಲ್ಲ ಅಂದ್ರೆ ಅಲ್ಲೇ ಆಪರೇಷನ್. ರಾತ್ರಿ ಎರಡು ಗಂಟೆಗೆ ಇದಾದ್ರೆ ನನ್ನ ಅನಸ್ತೇಶಿಯಾ ಡಾಕ್ಟ್ರು ಹಾಸನದಿಂದ ಬರ್ಬೇಕಮ್ಮ. ಇಲ್ಲಿ ಬ್ಲಡ್ ಬ್ಯಾಂಕ್ ಇಲ್ಲ. ಅದಕ್ಕೇ ನಾನು ಹಗಲು ಹೊತ್ತು, ದಿನ ಗೊತ್ತು ಮಾಡಿ ಸಿಸೇರಿಯನ್ ಅಂದಿದ್ದು. ನಿಮಗೆ ನಾರ್ಮಲ್ ಬೇಕು ಅಂದ್ರೆ ಆಗಲಿ, ಆದ್ರೆ ನನ್ನ ಹತ್ರ ಬೇಡ."

ಅಷ್ಟು ನೇರವಾಗಿ ಯಾರೂ ನನಗೆ ಹೇಳಿರಲಿಲ್ಲ. ಬೆಂಗಳೂರಿನವರು ಹೇಳಿದ್ದೂ ಸರಿ, ಇವರು ಹೇಳಿದ್ದೂ ಸರಿ. ಇವರು ತಮ್ಮ ನರ್ಸಿಂಗ್ ಹೋಮಿನಲ್ಲಿ ಯಾವುದು ಕ್ಷೇಮವೋ ಅದನ್ನು ಹೇಳಿದ್ದರು.

ಹಾಗಾಗಿ ಇಬ್ಬರಿಗೂ ಇದೇ ಪ್ರಶ್ನೆ ಕೇಳಿ: "ರಾತ್ರಿ ಹೊತ್ತು ಎರಡನೇ ಮಗು ಅಡ್ಡ ಆದ್ರೆ ನಿಮ್ಮಲ್ಲಿ ಏನು ಮಾಡ್ತೀರಿ?" ಅವಳಿ ಹೊತ್ತ ಗರ್ಭಕೋಶ ಹಿಗ್ಗಿ ಹೋಗಿರುತ್ತದೆ. ಹೆರಿಗೆ ಆದಮೇಲೆ ಬೇಗ ಕುಗ್ಗದೆ ರಕ್ತಸ್ರಾವ ಜಾಸ್ತಿ ಆಗಬಹುದು. ಹಾಗಾಗಿ ರಕ್ತ ಎಲ್ಲಿಂದ ತರಬೇಕು ಎಂದೂ ಕೇಳಿ. ಮಕ್ಕಳಿಬ್ಬರಿಗೂ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ಐಸಿಯುನಲ್ಲಿ, ಜಾಗ ಇರುತ್ತದಾ ಅಂತಲೂ. ಒಂದನ್ನು ಇಲ್ಲಿಟ್ಟುಕೊಂಡು ಇನ್ನೊಂದನ್ನು ಆಂಬುಲೆನ್ಸಿನಲ್ಲಿ ಬೇರೆ ಊರಿಗೆ ಕಳಿಸುವ ಪರಿಸ್ಥಿತಿ ಬೇಡ. ಬಾಣಂತಿ ಎಲ್ಲಿರಬೇಕು ಹೇಳಿ? ಉತ್ತರ ಕೊಡುವಾಗ ಯಾರು ತಡವರಿಸುತ್ತಾರೆ, ಯಾರು ಬೇಜಾರಾಗದೆ ಬಿಡಿಸಿ ಹೇಳುತ್ತಾರೆ ಅನ್ನುವುದು ನಿಮಗೇ ಗೊತ್ತಾಗುತ್ತದೆ. ದುಡ್ಡಿನ ಚಿಂತೆ ಇದ್ದರೆ ಮೆಡಿಕಲ್ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆಯನ್ನು ತಳ್ಳಿಹಾಕಬೇಡಿ. ಮೈಸೂರಿನ ಚೆಲುವಾಂಬ, ಬೆಂಗಳೂರಿನ ವಾಣಿವಿಲಾಸ ಇಂಥ ಕಡೆ ನೂಕುನುಗ್ಗಲು ಇದ್ದದ್ದೇ. ಆದರೆ ಅವಳಿ ಹೆರಿಗೆ ಅಲ್ಲಿನವರಿಗೆ ಹೊಸದಲ್ಲ.

ನನ್ನ ಕಥೆ ಕೇಳುತ್ತೀರಾದರೆ, ನಾನು ಬೆಂಗಳೂರಿನದನ್ನೇ ಆರಿಸಿಕೊಂಡೆ. ಎಂಟು ತುಂಬುವ ಮೊದಲೇ ಅಕ್ಕನ ಮನೆಗೆ ಹೋಗಿ ಕೂತೆ. 37ರ ಹತ್ತಿರ ಬಿಪಿ ಏರಿತು. ನೋವು ಬರಿಸಲು ಔಷಧಿ ಕೊಟ್ಟರು, ಬಾಯಿ ತೆರೆಯಲಿಲ್ಲ, ಸಿಸೇರಿಯನ್ ಆಯಿತು. ನನಗೇನೂ ಬೇಸರವಿಲ್ಲ. ಊರಲ್ಲಿ "ಅಷ್ಟು ದೂರ ಹೋಗಿ ಕೊನೆಗೂ ಕುಯ್ಯಿಸಿಕೊಂಡು ಬಂದಳು" ಎಂದು ನಕ್ಕವರಿದ್ದಾರೆ. ನಗಲಿ ಬಿಡಿ.

ಮನೆಯವರ ಮಾತಿಗೆ ಬರೋಣ. "ಏಳು ತಿಂಗಳ ಕೂಸು ಬದುಕುತ್ತೆ, ಎಂಟರದ್ದು ಬದುಕಲ್ಲ" ಎಂದು ಯಾರಾದರೂ ಹೇಳೇ ಹೇಳುತ್ತಾರೆ. ನಂಬಬೇಡಿ. ಹೊಟ್ಟೆಯಲ್ಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಶ್ವಾಸಕೋಶ ಬಲಿಯುತ್ತದೆ. ನಕ್ಷತ್ರ ನೋಡಿ ಸಿಸೇರಿಯನ್ ದಿನ ಇಡುವುದಾದರೆ, ಡಾಕ್ಟರು ಒಪ್ಪಿದ ದಿನಗಳೊಳಗೆ ನೋಡಿಕೊಳ್ಳಲಿ. ಮೂಲಾ ನಕ್ಷತ್ರ ತಪ್ಪಿಸಲು ಒಂದು ವಾರ ಹಿಂದಕ್ಕೆ ಎಳೆಯುವುದು ಮಾತ್ರ ಬೇಡವೇ ಬೇಡ. ಹಾಸಿಗೆ ಬಿಟ್ಟು ಏಳಬೇಡ ಅನ್ನುವವರೂ ಇರುತ್ತಾರೆ. ಸುಮ್ನೆ ಮಲಗಿಯೇ ಇದ್ದರೆ ಅವಳಿ ಹೆರಿಗೆ ಮುಂದಕ್ಕೆ ಹೋಗುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ನಿಮಗೆ ಬೇರೆ ಕಾರಣಕ್ಕೆ ರೆಸ್ಟ್ ಹೇಳಿದ್ದರೆ ಅದು ಬೇರೆ ಮಾತು.

ಮೂರನೇ, ನಾಲ್ಕನೇ ಡಾಕ್ಟರ ಹತ್ತಿರ ಓಡಬೇಡಿ. ಅವಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ 37 ತುಂಬುವ ಮೊದಲೇ ಹೆರಿಗೆ ಆಗುತ್ತದೆ. ನೀವು 36ಕ್ಕಾ 38ಕ್ಕಾ ಎಂದು ಚರ್ಚೆ ಮಾಡುತ್ತಿರುವಾಗಲೇ ಮಕ್ಕಳು ಹೊರಟುಬಿಡಬಹುದು. ಮುಂದಿನ ಹದಿನೈದು ದಿನದೊಳಗೆ ಒಂದು ಆಸ್ಪತ್ರೆ ಗಟ್ಟಿ ಮಾಡಿಕೊಳ್ಳಿ. ತಾಯಿ ಕಾರ್ಡು, ಎಲ್ಲ ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪು ಒಂದೇ ಫೈಲಿನಲ್ಲಿ ಹಾಕಿ, ಫೋಟೋ ತೆಗೆದು ಗಂಡನ ಮೊಬೈಲಿನಲ್ಲೂ ಇಡಿ. ಆರಿಸಿದ ಆಸ್ಪತ್ರೆ ದೂರ ಇದ್ದರೆ ಅವಧಿಗೆ ಮುಂಚೆ ನೋವು ಬಂದರೆ ಮೊದಲು ಎಲ್ಲಿಗೆ ಹೋಗಬೇಕು ಎಂದು ಆ ಡಾಕ್ಟರನ್ನೇ ಕೇಳಿಟ್ಟುಕೊಳ್ಳಿ.

ಇನ್ನೊಂದು. ಜೋರು ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಯ ಕೆಳಗೆ ಹೊಟ್ಟೆನೋವು, ಮುಖ ಊದಿಕೊಳ್ಳುವುದು, ನೀರು ಹೋಗುವುದು, ರಕ್ತ ಕಾಣುವುದು, ಮಕ್ಕಳ ಒದೆತ ಕಡಿಮೆಯಾಗುವುದು, ಅಂಗೈ ಅಂಗಾಲು ವಿಪರೀತ ತುರಿಸುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಆಗ ಯಾವ ಡಾಕ್ಟರು ಸರಿ ಎಂದು ಯೋಚಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಅವಳಿ ಬಸುರಿ ಎಂದು ಮೊದಲೇ ಹೇಳಿ ಹೊರಡಿ.